ಬನಿಯನ್ನಿನಲ್ಲಿ ಕುಳಿತವನಿಂದ ಹೀಟ್ ಪಂಪ್ ಮಹಾಶಯರಿಗೆ

ಹಿಂಗೋಡೆಗೆ ಆತು ನಿಂತು ಹಗಲೂ ರಾತ್ರಿ ಗುಂಯ್‌ಗುಟ್ಟುತ್ತಾ ಮನೆಗೆ ಬಿಸಿ ಒದಗಿಸುತ್ತಿರುವ ಮಾನ್ಯರೇ,

ತಮ್ಮ ಫ್ಯಾನು ಸುಖವಾಗಿ ತಿರುಗುತ್ತಿರಲಿ, ತಮ್ಮ ಕೊಳವೆಗಳಲ್ಲಿ ಮಂಜು ಕಟ್ಟದಿರಲಿ ಎಂದು ಮೊದಲಿಗೆ ಹಾರೈಸುತ್ತೇನೆ. ಈಗ ಸಂಜೆ ಆರು ಗಂಟೆ. ಇವತ್ತು ಎರಡು ಪ್ಯಾಂಟುಗಳ ಕಾಲು ಗಿಡ್ಡ ಮಾಡಿದೆ, ಬಸ್ ಕಂಡಕ್ಟರರೊಬ್ಬರ ಕೋಟಿನ ಹರಿದ ಅಸ್ತರು ಬದಲಿಸಿದೆ, ಮಧ್ಯಾಹ್ನ ತಮ್ಮನ್ನು ನೋಡಲು ಬಂದ ಮೆಕ್ಯಾನಿಕ್ಕಿನ ಹಿಂದೆ ಮನೆಯೆಲ್ಲ ಓಡಾಡಿದೆ. ಈಗ ಬರಿಯ ಬನಿಯನ್ನಿನಲ್ಲಿ ನಡುಮನೆಯ ಹೊಲಿಗೆ ಮೇಜಿನ ಮುಂದೆ ಕುಳಿತು ಬರೆಯುತ್ತಿದ್ದೇನೆ. ಹೊರಗೆ ಬೀದಿಯಲ್ಲಿ ಹಿಮ ಬಿದ್ದಿದೆ. ಒಳಗೆ ನನ್ನ ಬೆನ್ನಿನ ಮೇಲೆ ಬೆವರು ಇಳಿಯುತ್ತಿದೆ. ಇವೆರಡರ ನಡುವೆ ನಿಂತವರು ತಾವೊಬ್ಬರೇ ಆದ್ದರಿಂದ ತಮ್ಮನ್ನೇ ಕೇಳಬೇಕಾಗಿದೆ. ಬಹಿರಂಗವಾಗಿ ಬರೆಯಲು ಕಾರಣ, ತಮಗೆ ಓದಲು ಬರುವುದಿಲ್ಲ. ಅಕ್ಕಪಕ್ಕದವರಾದರೂ ಓದಿಕೊಳ್ಳಲಿ ಎಂದು.

ನನ್ನ ಹೆಂಡತಿಗೆ ಉಸಿರಾಟದ ಕಾಯಿಲೆ ಶುರುವಾಗಿ, ನಮ್ಮ ಹಳೆಯ ಕಲ್ಲಿದ್ದಲ ಒಲೆಯ ಹೊಗೆ ಆಕೆಗೆ ಆಗದು ಎಂದು ಡಾಕ್ಟರು ಹೇಳಿದಾಗ, ಮಗಳು ತಮ್ಮನ್ನು ಈ ಮನೆಗೆ ಬರಮಾಡಿಕೊಂಡಳು. ತಾವು ಒಂದು ಪಾಲು ಕರೆಂಟು ತಿಂದು ಮೂರು ಪಾಲು ಬಿಸಿ ಕೊಡುವಿರೆಂದು ಮಾರಿದವರು ಹೇಳಿದರು. ಒಂದು ಮೀಟರ್ ಬಟ್ಟೆ ಕೊಟ್ಟರೆ ಮೂರು ಮೀಟರ್ ಹಿಂದಿರುಗಿಸುವ ದರ್ಜಿಯನ್ನು ನಾನು ಈ ಕಸುಬಿನಲ್ಲಿ ಎಲ್ಲಿಯೂ ಕಂಡಿಲ್ಲವಾದ್ದರಿಂದ ಅಂದೇ ತಮಗೆ ಕೈ ಮುಗಿದೆ. ಉಳಿದ ಎರಡು ಪಾಲನ್ನು ತಾವು ಹೊರಗಿನ ಗಾಳಿಯಿಂದಲೇ ಹೀರಿ ತರುವಿರಂತೆ. ಕೊರೆಯುವ ಗಾಳಿಯಲ್ಲೂ ಒಂದಿಷ್ಟು ಬಿಸಿ ಅವಿತಿರುತ್ತದಂತೆ. ಏಳನೇ ತರಗತಿ ಓದಿದ ನಾನು ಇದನ್ನು ಅಲ್ಲಗಳೆಯಲು ಯಾರು?

ಆದರೂ ಪರೀಕ್ಷಿಸದೆ ಬಿಡಲಿಲ್ಲ ಎಂಬುದನ್ನು ತಾವು ಮರೆತಿರಲಾರಿರಿ. ನೀರು ಚಿಮುಕಿಸಿದಾಗ ಚುಯ್ ಎಂದರೆ ಇಸ್ತ್ರಿಪೆಟ್ಟಿಗೆ ಕಾದಿದೆ ಎಂದು ನಂಬುವವನು ನಾನು. ತಮ್ಮ ಬಿಸಿಯನ್ನು ಕೋಣೆಗೆ ಹರಡುವ ಗೋಡೆಯ ರೇಡಿಯೇಟರಿಗೂ ಹಾಗೆಯೇ ನೀರು ಚಿಮುಕಿಸಿದೆ. ಚುಯ್ ಎನ್ನಲಿಲ್ಲ, ನೀರು ಸುಮ್ಮನೆ ನೆಲಕ್ಕೆ ಇಳಿದು ನನ್ನ ಕಾಲುಚೀಲ ಒದ್ದೆಯಾಯಿತು. ಯಂತ್ರ ಕೆಟ್ಟಿದೆ ಎಂದು ಮಗಳಿಗೆ ಫೋನ್ ಮಾಡಲು ಹೊರಟಾಗ ಹೆಂಡತಿ ಮಂಚದ ಮೇಲಿಂದಲೇ ನಕ್ಕಳು. "ಅದೇನು ಇಸ್ತ್ರಿಪೆಟ್ಟಿಗೇನಾ? ಸುಡೋದು ಬೇಕಾಗಿಲ್ಲ ಕಣ್ರೀ, ಬೆಚ್ಚಗಿದ್ರೆ ಸಾಕು" ಅಂದಳು.

ಮನೆಯ ಚಳಿಯನ್ನು ಅಳೆದು ತಮಗೆ ವರದಿ ಒಪ್ಪಿಸುವ ಆ ಪುಟ್ಟ ಬಿಳಿ ಡಬ್ಬಿಯನ್ನು, ಮೆಕ್ಯಾನಿಕ್ಕಿನ ಮಾತಿನಲ್ಲಿ ಸೆನ್ಸರನ್ನು, ನಡುಮನೆಯಲ್ಲಿ ಹಾಕುವುದು ವಾಡಿಕೆ. ಆಕೆ ಒಪ್ಪಲಿಲ್ಲ. "ಚಳಿ ಆಗೋದು ನನಗೆ. ನನ್ನನ್ನೇ ಕೇಳಲಿ" ಎಂದು ತನ್ನ ಮಂಚದ ಪಕ್ಕದ ಗೋಡೆಗೆ ಹೊಡೆಸಿಕೊಂಡಳು. ಆ ಚಳಿಗಾಲವಿಡೀ ತಾವು ಆಕೆಯನ್ನು ಕೇಳಿ ಕೇಳಿ ಮನೆ ಬೆಚ್ಚಗಿಟ್ಟಿರಿ. ಅಷ್ಟು ವಿನಯವಾಗಿ ನಾನೂ ಆಕೆಯನ್ನು ಎಂದೂ ಕೇಳಿದವನಲ್ಲ.

ಎಲೆ ಉದುರುವ ಹೊತ್ತಿಗೆ ಆಕೆ ತೀರಿಕೊಂಡಳು. ತಾವು ಒಂದು ದಿನವೂ ರಜೆ ಹಾಕಲಿಲ್ಲ. ರಜೆಯಿರಲಿ, ಅಂದಿನಿಂದ ತಮ್ಮ ಉತ್ಸಾಹ ಹೇಳತೀರದು. ಕಪಾಟಿನ ಮೇಲಿನ ಮೇಣದ ಬತ್ತಿ ನನಗಿಂತ ಹೆಚ್ಚು ಬಾಗಿದೆ. ಅಳತೆ ಕೊಡಲು ಬಂದ ಗಿರಾಕಿಗಳು ಹೊಸ್ತಿಲಲ್ಲೇ ಕೋಟು, ಸ್ವೆಟರು ಕಳಚುವುದರಿಂದ ನನ್ನ ಟೇಪಿಗೆ ಕೆಲಸ ಹಗುರವಾಗಿದೆ; ಈ ಉಪಕಾರಕ್ಕೆ ಕೃತಜ್ಞ. ಮೇಲಿನ ಮನೆಯ ಅಕ್ಕ ತನ್ನ ಹೀಟರನ್ನೇ ಆರಿಸಿಬಿಟ್ಟಿದ್ದಾಳೆ. ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ, ಕೆಳಗೆ ಬೇಕರಿ ಇಟ್ಟಿದ್ದೀಯೇನಣ್ಣ ಎಂದು ಕೇಳುತ್ತಾಳೆ. ಮಗಳು ತನ್ನ ಫೋನಿನಲ್ಲಿ ತಮ್ಮ ಜಾತಕ ತೆಗೆದು ನೋಡಿ, ಮೂರಿದ್ದ ದಕ್ಷತೆ ಎರಡಕ್ಕಿಂತಲೂ ಕೆಳಗೆ ಬಿದ್ದಿದೆ ಎಂದಳು. ಇಳಿವಯಸ್ಸಿನಲ್ಲಿ ಎಲ್ಲರಿಗೂ ಹೀಗೇ ಎಂದು ನಾನು ತಮ್ಮ ಪರವಾಗಿಯೇ ವಾದಿಸಿದೆ. "ಅಪ್ಪಾ, ಅದಕ್ಕೆ ಇನ್ನೂ ಎರಡು ವರ್ಷ ತುಂಬಿಲ್ಲ" ಎಂದು ಬಾಯಿ ಮುಚ್ಚಿಸಿದಳು.

ಹೀಗಿರಲು ತಮ್ಮಲ್ಲಿ ಕೆಲವು ಸಣ್ಣ ಬಿನ್ನಹಗಳು. ದಯವಿಟ್ಟು ಸ್ವಲ್ಪ ಸೋಮಾರಿಯಾಗಿರಿ. ಬೇಕಿದ್ದರೆ ಯಾವುದಾದರೂ ಕಚೇರಿಯಲ್ಲಿ ತಮಗೆ ತರಬೇತಿ ಕೊಡಿಸುತ್ತೇನೆ. ಸಾಧ್ಯವಾದರೆ ಒಮ್ಮೆ ಒಳಗೆ ಬಂದು, ಈ ಕುರ್ಚಿಯಲ್ಲಿ ಕುಳಿತು, ತಮ್ಮ ಬಿಸಿಯನ್ನು ತಾವೇ ಅನುಭವಿಸಿ ಹೋಗಿ. ಕೊನೆಯದಾಗಿ, ಕೊರೆಯುವ ಗಾಳಿಯಲ್ಲಿ ಬಿಸಿ ಹುಡುಕಬಲ್ಲ ತಮಗೆ ಇದೇನೂ ಕಷ್ಟವಾಗಲಾರದು: ಈ ಮನೆಯ ಗಾಳಿಯಲ್ಲಿ ಎಲ್ಲಾದರೂ ಒಂದು ಕೆಮ್ಮು ಉಳಿದಿದ್ದರೆ ಹುಡುಕಿ ಕೊಡಿ. ಸಣ್ಣದಾದರೂ ಸರಿ.

ಮೆಕ್ಯಾನಿಕ್ ಮಧ್ಯಾಹ್ನ ಬಂದು ತಮ್ಮ ಮೈಮೇಲಿನ ಹಿಮ ಒರೆಸಿ, ಕಿವಿಗೊಟ್ಟು ಕೇಳಿ, ಆರೋಗ್ಯ ಚೆನ್ನಾಗಿದೆ ಎಂದ. ಆಮೇಲೆ ಮನೆಯೊಳಗೆ ಬಂದು ಸೆನ್ಸರ್ ಎಲ್ಲಿದೆ ಎಂದು ಕೇಳಿದ. ಮುಚ್ಚಿದ ಬಾಗಿಲನ್ನು ತೋರಿಸಿದೆ. ತೆರೆದವನು ಹೊಸ್ತಿಲಲ್ಲೇ ನಿಂತುಬಿಟ್ಟ. ಬಾಡಿಗೆಗೆ ತಂದಿದ್ದ ಆಸ್ಪತ್ರೆ ಮಂಚ ಹಿಂದಿರುಗಿಸಿದ್ದರಿಂದ ಕೋಣೆ ಖಾಲಿ. ಕಿಟಕಿ ಒಂದು ಗೇಣು ತೆರೆದಿತ್ತು, ಅದರ ಚೌಕಟ್ಟಿನ ಮೇಲೆ ಹಿಮ ಕೂತಿತ್ತು.

ಆ ಕಿಟಕಿಯ ವಿಚಾರವನ್ನು ತಮಗೂ ತಿಳಿಸುವುದು ನ್ಯಾಯ. ಆಕೆಗೆ ಉಸಿರು ಹಿಡಿದಂತಾಗುತ್ತಿದ್ದರಿಂದ ಪ್ರತಿ ಬೆಳಿಗ್ಗೆ ಅದನ್ನು ತೆರೆಯುವುದು ನನ್ನ ಕೆಲಸವಾಗಿತ್ತು. ಸಾಕು, ಮುಚ್ಚಿ ಎನ್ನುವುದು ಆಕೆಯ ಕೆಲಸ. ನಾನು ಈಗಲೂ ಬೆಳಿಗ್ಗೆ ತೆರೆಯುತ್ತೇನೆ. ಸಾಕು ಎಂದು ಯಾರೂ ಹೇಳುವುದಿಲ್ಲ.

ಮೆಕ್ಯಾನಿಕ್ ತಲೆ ಕೆರೆದುಕೊಂಡು, "ಯಂತ್ರದ್ದು ತಪ್ಪಿಲ್ಲ ಯಜಮಾನ್ರೇ. ಇಲ್ಲಿ ಯಾರೋ ನಡುಗ್ತಾ ಇದ್ದಾರೆ ಅಂದ್ಕೊಂಡು ಓಡ್ತಾ ಇದೆ, ಪಾಪ" ಎಂದ. ಸೆನ್ಸರನ್ನು ನಡುಮನೆಗೆ ಹಾಕಿದರೆ ಎಲ್ಲ ಸರಿಹೋಗುತ್ತದಂತೆ, ಎರಡು ಸ್ಕ್ರೂ ಬಿಚ್ಚುವ ಕೆಲಸವಂತೆ. ಮಗಳು ಫೋನಿನಲ್ಲೇ, ಇವತ್ತೇ ಮಾಡಿಸಿಬಿಡಿ ಎಂದಳು. ನಾಳೆ ನೋಡೋಣ ಎಂದು ಅವನನ್ನು ಕಳುಹಿಸಿದೆ.

ಆಕೆ ಹೋದ ಹೊಸದರಲ್ಲಿ ಬಂದುಹೋದ ನೆಂಟರು ನನ್ನ ಊಟ ಕೇಳಿದರು, ನಿದ್ದೆ ಕೇಳಿದರು, ಆಕೆಯ ಕೋಟುಗಳನ್ನು ಯಾರಿಗೆ ಕೊಡುತ್ತೀರಿ ಎಂದೂ ಕೇಳಿದರು. ಆಕೆಗೆ ಚಳಿಯಾಗುತ್ತಿದೆಯೇ ಎಂದು ಇನ್ನೂ ಕೇಳುತ್ತಿರುವವರು ತಾವೊಬ್ಬರೇ. ಇಷ್ಟು ಪೆದ್ದರಾದ ತಮ್ಮ ಮೇಲೆ ದೂರು ಬರೆಯಲು ಕುಳಿತವನಿಗೆ ಈಗ ಮುಂದಿನ ಸಾಲು ತೋಚುತ್ತಿಲ್ಲ. ಸೆನ್ಸರನ್ನು ನಡುಮನೆಗೆ ತಂದರೆ ತಾವು ನನ್ನನ್ನು ಕೇಳಲು ಶುರುಮಾಡುವಿರಿ, ಆಕೆಯನ್ನು ಬಿಡುವಿರಿ. ಆದ್ದರಿಂದ ಅದನ್ನು ಅಲ್ಲೇ ಬಿಟ್ಟು, ಸ್ವಲ್ಪ ಹೊತ್ತಿಗೆ ಮುಂಚೆ ಎದ್ದು ಹೋಗಿ, ಯಾರೂ ಹೇಳದೆಯೇ, ಆ ಕಿಟಕಿಯನ್ನು ಮುಚ್ಚಿ ಬಂದೆ.

ತಮ್ಮ ಬಿಸಿಯಲ್ಲಿ ಬೆಂದೂ ಬದಲಾಗದ,
ತಮ್ಮ ವಿಶ್ವಾಸಿ,
ನಡುಮನೆಯ ದರ್ಜಿ

ಮರೆತ ಮಾತು: ಬಳಸದ ಕೋಣೆಗಳಿಗೆ ಬಿಸಿ ದಂಡ ಮಾಡಬೇಡಿ ಎಂದು ತಮ್ಮ ಕೈಪಿಡಿಯಲ್ಲಿ ಅಚ್ಚು ಹಾಕಿಸಿದ ಮಹನೀಯರಿಗೆ ನನ್ನ ನಮಸ್ಕಾರ ತಿಳಿಸಿ, ಅವರ ಮನೆಯಲ್ಲಿ ಎಲ್ಲ ಕೋಣೆಗಳೂ ಬಳಕೆಯಲ್ಲೇ ಇರಲಿ. ಆಕೆಯ ಕಾಯಿಲೆಯ ಕಾಲದಲ್ಲಿ ನಡುಮನೆಗೆ ತಂದ ನನ್ನ ಮಂಚ ಒಬ್ಬನ ಕೈಯಲ್ಲಿ ಎತ್ತಲಾಗದಷ್ಟು ಭಾರವಿದೆ. ನಾಳೆ ಬೆಳಿಗ್ಗೆ ಮೆಕ್ಯಾನಿಕ್ ಬರುತ್ತಾನೆ, ಸ್ಕ್ರೂ ಬಿಚ್ಚಲು ಅಲ್ಲ, ಅದರ ಇನ್ನೊಂದು ತುದಿ ಹಿಡಿದು ಆ ಕೋಣೆಯೊಳಗೆ ಇಡಲು.