ನಡತೆ ಕಾಯುವ ಡಬ್ಬಿ

ಬಾರದ ಕೆಲಸವನ್ನು ಬಾರದು ಎಂದು ಹೇಳುವುದಕ್ಕೂ ಒಂದು ಧೈರ್ಯ ಬೇಕು. ಬೈಲಹೊಂಗಲದ ಖಾಸಗಿ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ನಾನು, ಒಮ್ಮೆ ಆಫೀಸಿನ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಜಗ್ಗಿ ತೆಗೆದಿದ್ದೆ. ಅಂದಿನಿಂದ ವೈರು ಅಂಟಿದ ಯಾವ ವಸ್ತು ಕೆಟ್ಟರೂ ‘ಪಾಟೀಲ ಸರಗ ಹೇಳ್ರಿ’ ಎನ್ನುವುದು ಅಲ್ಲಿ ರೂಢಿ. ನಿಂತ ಫ್ಯಾನಿನ ಕೆಳಗೆ ಸೊಂಟದ ಮೇಲೆ ಕೈಯಿಟ್ಟು, ರೋಗಿಯ ಮನೆಯವರಿಗೆ ಕೆಟ್ಟ ಸುದ್ದಿ ಹೇಳಲಿರುವ ಡಾಕ್ಟರರಂತೆ ಮುಖ ಮಾಡಿ ನಿಲ್ಲುವುದನ್ನು ನಾನೂ ಕಲಿತುಕೊಂಡೆ.

ಈ ವರ್ಷ ನಮ್ಮ ಹೆಡ್‌ಮಿಸ್ಟ್ರೆಸ್ ಮೇಡಂಗೆ ಸಿಬ್ಬಂದಿಯ ನಡತೆಯ ಚಿಂತೆ ಹತ್ತಿತು. ಕೆಲಸದ ಹೊತ್ತಿನಲ್ಲಿ ಎಲ್ಲರೂ ರೀಲ್ಸ್ ನೋಡುತ್ತಾರೆಂದು ಶಾಲೆಯ ಇಂಟರ್ನೆಟ್ಟಿಗೆ ಫೈರ್‌ವಾಲ್ ಎಂಬ ಡಬ್ಬಿಯನ್ನು ತರಿಸಿದರು. ಹೊರಗಿನ ಕಳ್ಳರು ಒಳಗೆ ಬರದಂತೆಯೂ ಒಳಗಿನವರ ಕಣ್ಣು ಹೊರಗೆ ಹೋಗದಂತೆಯೂ ಅದು ಕಾಯುತ್ತದಂತೆ.

“ಪಾಟೀಲ ಸರ, ಇದನ್ನ ನೀವ ಕೂಡಿಸ್ರಿ. ಕೆಟ್ಟದ್ದು ಒಂದೂ ಕಾಣಬಾರದು ನೋಡ್ರಿ” ಎಂದರು.

ಡಬ್ಬಿಯ ಸೆಟಿಂಗ್ ತೆರೆದರೆ ಏನೇನು ತಡೆಯಬೇಕೆಂಬ ಪ್ರಶ್ನೆ. ಜೂಜು, ಆಟ, ಸಿನಿಮಾ, ಶಾಪಿಂಗ್, ಗಂಡು-ಹೆಣ್ಣಿನ ಪರಿಚಯ, ಸೋಷಿಯಲ್ ಮೀಡಿಯಾ. ಯಾವುದನ್ನು ಬಿಟ್ಟರೂ ಅದರ ಮೇಲೆ ನನಗೇ ಆಸೆಯಿದೆಯೆಂದು ಪಕ್ಕದಲ್ಲಿ ನಿಂತಿದ್ದ ಮೇಡಂ ತಿಳಿದಾರೆಂದು ಹೆದರಿ ಎಲ್ಲಕ್ಕೂ ಟಿಕ್ ಹಾಕಿದೆ. ತಡೆದಾಗ ಪರದೆಯ ಮೇಲೆ ಏನು ಬರೆದು ತೋರಿಸಬೇಕೆಂದೂ ಡಬ್ಬಿ ಕೇಳಿತು. ನನ್ನನ್ನು ಏನಾದರೂ ಬರೆಯಿರಿ ಎಂದು ಅದುವರೆಗೆ ಯಾರೂ ಕೇಳಿರಲಿಲ್ಲ. ಹುರುಪಿನಿಂದ, ಕೆಂಪು ಅಕ್ಷರದಲ್ಲಿ ಬರೆದೆ: ‘ಎಚ್ಚರಿಕೆ. ನೀವು ನೋಡಬಯಸಿದವರ ನಡತೆ ಸರಿಯಿಲ್ಲ. ಸಜ್ಜನರು ದೂರವಿರತಕ್ಕದ್ದು.’ ಮೇಡಂ ಓದಿ, “ಭಾಷಾ ಭಾಳ ತೂಕದ್ದ ಐತಿ” ಎಂದು ಮೆಚ್ಚಿದರು.

ಶಿಕ್ಷಕರ ರೀಲ್ಸ್ ಅವರವರ ಮೊಬೈಲಿನ ಡೇಟಾದಲ್ಲಿ ನಿರಾತಂಕವಾಗಿ ಮುಂದುವರಿಯಿತು. ಡಬ್ಬಿಗೆ ಸಿಕ್ಕಿಬಿದ್ದವರು ಆಫೀಸಿನ ಕ್ಲರ್ಕ್ ಗಂಗಕ್ಕ ಒಬ್ಬರೇ. ಅವರಷ್ಟು ಸಜ್ಜನರು ನಮ್ಮಲ್ಲಿ ಬೇರೆ ಯಾರೂ ಇಲ್ಲ. ಮೇಡಂ ಒಪ್ಪಿಗೆ ಪಡೆದೇ ಊಟದ ಬಿಡುವಿನಲ್ಲಿ ಆಫೀಸಿನ ಕಂಪ್ಯೂಟರಿನಲ್ಲಿ ಮಗಳು ಅಕ್ಷತಾಳಿಗೆ ವಧು-ವರರ ತಾಣದಲ್ಲಿ ಗಂಡು ನೋಡುತ್ತಿದ್ದರು. ಕಟಕೋಳದ ಸಂಗಮೇಶ ಎಂಬ ಹುಡುಗ ತಾಯಿ-ಮಗಳಿಬ್ಬರಿಗೂ ಹಿಡಿಸಿದ್ದ. ಅಂದು ಅವನ ಫೋಟೋ ಮತ್ತೊಮ್ಮೆ ನೋಡೋಣವೆಂದು ಒತ್ತಿದರೆ ನನ್ನ ಕೆಂಪು ಅಕ್ಷರಗಳು ಬಂದವು. ಗಂಗಕ್ಕ ಯಾರಿಗೂ ಹೇಳದೆ ಮನೆಗೆ ಹೋಗಿ, ಕಟಕೋಳಕ್ಕೆ ಫೋನ್ ಮಾಡಿ, “ನಿಮ್ಮ ಹುಡುಗನ ನಡತಿ ಸರಿ ಇಲ್ಲಂತ ಕಂಪ್ಯೂಟರನ್ಯಾಗ ಬಂದೈತ್ರಿ. ಸಂಬಂಧ ಬ್ಯಾಡ” ಎಂದುಬಿಟ್ಟರು.

ಮರುದಿನ ಹುಡುಗನ ತಂದೆ ಈರಪ್ಪನವರು ಆಫೀಸಿಗೇ ಬಂದರು. ಕೊಟ್ಟ ನೀರು ಕುಡಿಯಲಿಲ್ಲ, ತೋರಿಸಿದ ಕುರ್ಚಿಯಲ್ಲಿ ಕೂರಲಿಲ್ಲ.

“ನಮ್ಮ ಹುಡುಗ ಒಂದ ಎಲಿ ಅಡಕಿ ಸೈತ ಹಾಕೂದಿಲ್ರಿ. ಅವನ ನಡತಿ ಬರದಾವ್ರು ಯಾರು? ಅವ್ರನ್ನ ಕರೀರಿ.”

ಮೇಡಂ ನನ್ನ ಕಡೆ ನೋಡಿದರು. ಗಂಗಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. “ಅಕ್ಷತಾ ರಾತ್ರಿ ಊಟಾನೂ ಮಾಡಿಲ್ರಿ, ಸರ” ಎಂದರು.

“ಅದು ಹುಡುಗನ ಬಗ್ಗೆ ಅಲ್ರಿ ಯಜಮಾನ್ರ, ಡಬ್ಬಿ ಯಾರನ್ನ ನೋಡಿದ್ರೂ ಹಂಗ ಅಂತೈತಿ” ಎಂದೆ.

“ಹಂಗಾರ ನಿಮ್ಮನ್ನ ತೋರಿಸ್ರಿ” ಎಂದರು ಈರಪ್ಪ.

ಸೋಷಿಯಲ್ ಮೀಡಿಯಾದ ನಮ್ಮ ಶಾಲೆಯ ಪುಟದಲ್ಲಿ, ಶಿಕ್ಷಕರ ದಿನದಂದು ನಾನು ಶಾಲು ಹೊದ್ದು ನಿಂತ ಫೋಟೋ ಇತ್ತು. ಒತ್ತಿದೆ. ‘ನೀವು ನೋಡಬಯಸಿದವರ ನಡತೆ ಸರಿಯಿಲ್ಲ’ ಎಂದು ಬಂತು. ಈರಪ್ಪನವರು ಅದನ್ನು ನಿಧಾನವಾಗಿ, ಅಕ್ಷರ ಕೂಡಿಸಿ, ಎಲ್ಲರಿಗೂ ಕೇಳುವಂತೆ ಓದಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತರು.

“ಈಗ ನೀರ ಕೊಡ್ರಿ” ಎಂದರು.

ಗಂಗಕ್ಕ ಅಳುತ್ತಿದ್ದವರು ನಕ್ಕರು. ಮೇಡಂ ಮಾತ್ರ ಪರದೆಯನ್ನೂ ನನ್ನನ್ನೂ ಸ್ವಲ್ಪ ಹೆಚ್ಚೇ ಹೊತ್ತು ನೋಡಿದರೆಂದು ನನ್ನ ಅನುಮಾನ.

ನಾನು ಟಿಕ್‌ಗಳನ್ನೆಲ್ಲ ತೆಗೆದೆ. ಅಕ್ಷತಾ ಮತ್ತು ಸಂಗಮೇಶ ಎದುರುಬದುರು ಕೂತು ಮಾತಾಡಿ ಒಪ್ಪಿಕೊಂಡರು. ನಿಶ್ಚಯದ ದಿನ ಕಟಕೋಳದಲ್ಲಿ ನನಗೆ ಬೀಗರ ಸಾಲಿನಲ್ಲೇ ಎಲೆ ಹಾಕಿದರು. ಆದರೆ ಸುದ್ದಿ ರಾಮದುರ್ಗ, ಸವದತ್ತಿಗಳ ಕಡೆ ಹೋಗುವಾಗ ತಿರುವುಮುರುವಾಯಿತು. ಬೈಲಹೊಂಗಲದ ಒಬ್ಬ ಮಾಸ್ತರ ಹತ್ತಿರ ಗಂಡಿನ ನಡತೆ ಹೇಳುವ ಯಂತ್ರವಿದೆಯಂತೆ ಎಂದು ಹೆಣ್ಣು ಹೆತ್ತವರು ಮೊಬೈಲಿನಲ್ಲಿ ಫೋಟೋ ಹಿಡಿದು ಬರತೊಡಗಿದರು. ಎಷ್ಟು ಬಿಡಿಸಿ ಹೇಳಿದರೂ ಅವರು ಅದನ್ನು ನನ್ನ ವಿನಯವೆಂದೇ ತಿಳಿಯುತ್ತಾರೆ. ಕೊನೆಗೆ ನಾನೂ ಕನ್ನಡಕ ಸರಿಮಾಡಿಕೊಂಡು, ಏನೋ ಒಂದಿಷ್ಟು ಟೈಪ್ ಮಾಡಿ, “ಹುಡುಗ ಚಲೋ ಅದಾನ್ರಿ” ಎನ್ನುವುದನ್ನು ಅಭ್ಯಾಸ ಮಾಡಿಕೊಂಡೆ. ಎಲ್ಲರಿಗೂ ಸಂತೋಷ.

ನಿನ್ನೆ ಕಿತ್ತೂರಿನಿಂದ ಬಂದವರು ತೋರಿಸಿದ್ದು ನನ್ನ ಸ್ವಂತ ಅಕ್ಕನ ಮಗನ ಫೋಟೋ. ಅವನ ನಡತೆ ತಿಳಿಯಲು ನನಗೆ ಯಾವ ಯಂತ್ರವೂ ಬೇಕಿಲ್ಲ. ಬಹಳ ಹೊತ್ತು ಟೈಪ್ ಮಾಡಿ, ಇವತ್ತು ಯಾಕೋ ನೆಟ್‌ವರ್ಕ್ ಇಲ್ಲರಿ ಎಂದು ಹೇಳಿ, ಚಹಾ ಕುಡಿಸಿ ಕಳಿಸಿದೆ.