ನಾನು ಭತ್ತ ಕಲಿತು ಬಂದ ಪ್ರವಾಸ

ಮೊದಲೇ ಆಣೆ ಮಾಡಿ ಹೇಳ್ತೀನಿ: ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಾನು ಏನಾದರೂ ಕಲಿಯಲು ಹೊರಟಾಗಲೆಲ್ಲ ಇಂಥದ್ದು ಒಂದಿಲ್ಲೊಂದು ಆಗುತ್ತಲೇ ಇರುತ್ತದೆ. ಗುಂಪು ಕಟ್ಟಿಕೊಂಡು ಊರು ನೋಡಿದರೆ ಜ್ಞಾನ ಹೆಚ್ಚುತ್ತದೆ ಅಂತಾರೆ. ಹೆಚ್ಚಿತು, ಜೊತೆಗಿದ್ದವರದು.

ನಿಜಾಮರ ಆಳ್ವಿಕೆ ಮುಗಿದು ಕೆಲವು ವರ್ಷವಾಗಿತ್ತು. ಸಿಂಧನೂರಿಗೆ ಕಾಲುವೆ ನೀರು ಹೊಸದು. ಲಿಂಗಸುಗೂರು ಕಡೆಯ ಜೋಳದ ರೈತರು ನಾವು ಹನ್ನೆರಡು ಮಂದಿ. ಗ್ರಾಮಸೇವಕರು ನಮ್ಮನ್ನು ಮೋಟಾರಿನಲ್ಲಿ ಕೂಡಿಸಿಕೊಂಡು, ಹಾದಿಯಲ್ಲಿ ಮಸ್ಕಿಯ ಶಾಸನ, ಆಮೇಲೆ ಸಿಂಧನೂರಿನ ಭತ್ತ ತೋರಿಸಲು ಹೊರಟರು. ನಮ್ಮ ಮಾವನವರೂ ಬಂದಿದ್ದರು. ಅವರಿಗೆ ಕಾಲುವೆ ಕೆಳಗೆ ನಾಲ್ಕು ಎಕರೆ.

"ಅಳಿಯಂದ್ರ, ಭತ್ತ ಕಲೀರಿ. ಕಲಿತ್ರ ಆ ನಾಲ್ಕೂ ಎಕರೆ ನಿಮ್ಮ ಕೈಗೆ ಕೊಡ್ತೀನಿ."

"ಕಲ್ತಂಗ ತಿಳ್ಕೋರಿ ಮಾವಾರ" ಅಂದೆ.

೧. ಬಂಡೆಯ ಓದು

ಮಸ್ಕಿಯ ಗುಡ್ಡವನ್ನು ಎಲ್ಲರಿಗಿಂತ ಮುಂದೆ ಹತ್ತಿದವನು ನಾನು. ಮೈತುಂಬ ಗೆರೆಯಿದ್ದ ಒಂದು ಬಂಡೆ ಸಿಕ್ಕಿತು. ಹಳೆಯ ಲಿಪಿ ನನಗೆ ಬರುತ್ತದೆ ಎಂದು ಮೋಟಾರಿನಲ್ಲೇ ಹೇಳಿಬಿಟ್ಟಿದ್ದೆನಲ್ಲ, ಬೆರಳಿಟ್ಟು ಓದಿದೆ: "ಅಳಿಯಂದಿರಿಗೆ ತಡಮಾಡದೆ ಭೂಮಿ ಕೊಡತಕ್ಕದ್ದು. ಇದು ಅರಸರ ಅಪ್ಪಣೆ."

ಮಾವನವರು ಕೈ ಮುಗಿದರು. ಅಲ್ಲೇ ಕುರಿ ಕಾಯುತ್ತಿದ್ದ ಮುದುಕ ಹತ್ತಿರ ಬಂದ.

"ಸಾವಕಾರ್ರ, ಅದು ನಾವು ಕುಡಗೋಲು ಮಸಿಯೋ ಕಲ್ಲು. ಶಾಸನ ಆ ಕಡೆ ಐತ್ರಿ."

ಮಾವನವರು ಕೈ ಇಳಿಸಿದರು. "ಕುಡಗೋಲಿಗೂ ಅಳಿಯಂದ್ರ ಮ್ಯಾಲ ಎಷ್ಟು ಕಾಳಜಿ ನೋಡ್ರಿ."

೨. ಹಿಂದಕ್ಕೆ ನಡೆಯುವ ವಿದ್ಯೆ

ಸಿಂಧನೂರಿನಲ್ಲಿ ಆಂಧ್ರದ ಕಡೆಯಿಂದ ಬಂದ ಹೆಣ್ಣುಮಕ್ಕಳು ಕೆಸರಿನಲ್ಲಿ ಸಸಿ ನೆಡುತ್ತಿದ್ದರು. ಧೋತರ ಎತ್ತಿ ಕಟ್ಟಿ ನಾನೂ ಇಳಿದೆ. ಜೋಳದವರು ನಾವು, ಎತ್ತಿನ ಬೆನ್ನು ನೋಡುತ್ತ ಮುಂದಕ್ಕೆ ನಡೆದೇ ಗೊತ್ತು. ಒಂದು ಸಾಲು ಜಬರದಸ್ತಾಗಿ ನೆಟ್ಟು ತಿರುಗಿ ನೋಡಿದರೆ, ನೆಟ್ಟದ್ದನ್ನೆಲ್ಲ ನಾನೇ ತುಳಿದಿದ್ದೆ.

"ಹಿಂದಕ್ಕ ನಡೀಬೇಕು ಅಯ್ಯಾ" ಎಂದಳು ಹಿರಿಯವಳೊಬ್ಬಳು.

ನಡೆದೆ. ಮೂರನೇ ಹೆಜ್ಜೆಗೆ ಕೆಸರಿನಲ್ಲಿ ಕೂತೆ. ಆಕೆ ಎಬ್ಬಿಸಲು ಬಂದಳು.

"ಇರ್ಲಿ ಬಿಡವ್ವ" ಅಂದರು ಮಾವನವರು, "ಬೇರು ಬಿಡ್ತಾರೇನೋ ನೋಡೂಣು."

೩. ಬೆಳೆ ಉಳಿಸಿದ್ದು

ಮಧ್ಯಾಹ್ನ ಮಾವನವರ ಹೊಲಕ್ಕೇ ಹೋದೆವು. ಪಾಲಿಗೆ ಮಾಡುವವನು ನೆಟ್ಟು ತಿಂಗಳಾಗಿತ್ತು. ಪೈರು ಚೆನ್ನಾಗಿತ್ತು, ಆದರೆ ಹೊಲದ ತುಂಬ ನೀರು. ನಮ್ಮ ಕಡೆ ಜೋಳದ ಬುಡಕ್ಕೆ ನಾಲ್ಕು ದಿನ ನೀರು ನಿಂತರೆ ಬೆಳೆ ಹಳದಿಯಾಗಿ ಹೋಗುತ್ತದೆ. ನೆಡುವಾಗ ನೀರು ಬೇಕು, ಸರಿ. ನೆಟ್ಟ ಮೇಲೂ ಯಾಕೆ? ಗ್ರಾಮಸೇವಕರು ಆ ವಿಷಯ ವಿವರಿಸುವಾಗ ನಾನು ಕಾಲುವೆಯಲ್ಲಿ ಧೋತರ ತೊಳೆಯುತ್ತಿದ್ದೆ.

"ಮಾವಾರ, ಬೆಳಿ ಮುಳುಗಾಕತ್ತೈತಿ" ಎಂದು ಪಾಲಿನವನ ಕೈಯಿಂದ ಸಲಿಕೆ ಕಸಿದುಕೊಂಡು ಬದು ಒಡೆದೆ. ಉಳಿದ ಹನ್ನೊಂದು ಮಂದಿ ತುಟಿ ಪಿಟಕ್ಕೆನ್ನಲಿಲ್ಲ.

ನೀರು ಹೊಲದಿಂದ ದಾರಿಗೆ, ದಾರಿಯಿಂದ ನಮ್ಮ ಮೋಟಾರಿನ ಕೆಳಗೆ ಹೋಯಿತು. ಎರೆಮಣ್ಣು. ನೋಡುತ್ತಿದ್ದಂತೆ ಮೋಟಾರು ಎಮ್ಮೆ ಮಲಗಿದ ಹಾಗೆ ನಿಧಾನ ಕೂತಿತು. ಹಗ್ಗ ಕಟ್ಟಿ ಎಳೆದ ಎಲ್ಲರೂ ಕೆಸರಿನಲ್ಲಿ ಹಿಂದಕ್ಕೆ ನಡೆಯುವುದನ್ನು ಅಂದೇ ಕಲಿತರು.

ಮಾವನವರು ಮುಖ ಒರೆಸಿಕೊಂಡು, "ಅಳಿಯಂದ್ರ, ಭೂಮಿ ಕೊಡ್ತೀನಿ" ಅಂದರು. ನಾನು ಕಾಲು ಹಿಡಿದೆ.

"ಕಾಲ್ವಿ ಕೆಳಗಿಂದಲ್ಲ. ಮಸ್ಕಿ ಗುಡ್ಡದ ಬಾಜೂಕ ಒಂದು ತುಂಡು ಐತಿ. ಅಲ್ಲಿ ಒಡಿಯಾಕ ಬದೂ ಇಲ್ಲ, ಬಿಡಾಕ ನೀರೂ ಇಲ್ಲ. ಓದಾಕ ಕಲ್ಲು ಭಾಳ ಅದಾವ."

ಎಲ್ಲ ನಿಜ. ಒಂದು ಸಣ್ಣ ಮಾತು ಮಾತ್ರ ನಾನೇ ಸೇರಿಸಿದ್ದು. ಬದು ಒಡೆಯುವಾಗ ಹನ್ನೊಂದು ಮಂದಿ ತುಟಿ ಪಿಟಕ್ಕೆನ್ನಲಿಲ್ಲ ಅಂದೆನಲ್ಲ, ಹನ್ನೊಂದೂ ಮಂದಿ "ಬ್ಯಾಡ, ಬ್ಯಾಡ" ಅಂತ ಕೂಗುತ್ತಿದ್ದರು. ಪಾಲಿನವನು ನನ್ನ ಸೊಂಟ ಹಿಡಿದು ಎಳೆಯುತ್ತಿದ್ದ.