ನಮ್ಮ ಕಥೆ ಕೋಣೆಯ ಕಾರುಬಾರು

ಮಕ್ಕಳನ್ನೂ ಪುಸ್ತಕಗಳನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರೆ ಏನಾದರೊಂದು ನಡೆಯದೆ ಇರುವುದಿಲ್ಲ. ಅದರಲ್ಲೂ ಕೋಣೆ ದೆಹಲಿಯದು, ಮಕ್ಕಳು ಕನ್ನಡದವರು, ಕಥೆಗಳು ಆಫ್ರಿಕಾದವು ಆದರೆ ಕೇಳುವುದೇ ಬೇಡ.

ಸರ್ಕಾರಿ ಕೆಲಸದಿಂದ ನಿವೃತ್ತಳಾದ ಮೇಲೆ, ವಸಂತ್ ಕುಂಜ್‌ನ ನಮ್ಮ ಫ್ಲ್ಯಾಟುಗಳ ಕೆಳಗಿನ ಖಾಲಿ ಕೋಣೆಯಲ್ಲಿ ಭಾನುವಾರದ ಕಥೆ ಕೋಣೆ ಶುರು ಮಾಡಿದೆ. ಮೂರನೇ ಮಹಡಿಯಲ್ಲಿ ಬಾಡಿಗೆಗಿರುವ, ಘಾನಾ ದೇಶದ ಸಂಶೋಧನಾ ವಿದ್ಯಾರ್ಥಿನಿ ನನ್ನ ಜೊತೆ ಸೇರಿದಳು. ಮಕ್ಕಳಿಗೆ ಅವಳು ಘಾನಾ ದೀದಿ. ಅವಳ ಊರಿನ ಕಥೆಗಳಲ್ಲೆಲ್ಲ ಒಂದು ತರಲೆ ಜೇಡ ಇರುತ್ತದೆ, ಅದಕ್ಕೇ ಮಕ್ಕಳು ಅವಳ ಸುತ್ತ ಮುತ್ತಿಕೊಳ್ಳುತ್ತಾರೆ.

ಆದರೆ ಆ ಕೋಣೆಯ ಮೇಲೆ ಸೊಸೈಟಿಯ ಅಧ್ಯಕ್ಷರಾದ ಪ್ರಧಾನ್‌ಜೀಗೂ ಕಣ್ಣಿತ್ತು. ಅಲ್ಲಿ ವ್ಯಾಯಾಮದ ಯಂತ್ರಗಳನ್ನು ಇಡಬೇಕೆಂದು ಅವರ ಹಟ. ಕೋಣೆ ಕೈತಪ್ಪಿದರೆ ನಮ್ಮ ಪುಸ್ತಕಗಳಿಗೆ ನನ್ನ ಮಂಚದ ಕೆಳಗೇ ಗತಿ.

೧. ಕುಂಟು ಜೇಡ

ದೀದಿ ಒಂದು ಉಪಾಯ ಮಾಡಿದಳು. ಪ್ರತಿ ಮಗುವೂ ರಟ್ಟಿನಲ್ಲಿ ಕಾಲಿಲ್ಲದ ಜೇಡ ಮಾಡಬೇಕು. ಒಂದು ಪುಸ್ತಕ ಓದಿದರೆ ಅದಕ್ಕೆ ಒಂದು ಕಾಲು.

ಎರಡೇ ವಾರಕ್ಕೆ ಒಂದು ಹುಡುಗಿಯ ಜೇಡ ಎಂಟೂ ಕಾಲು ಬಿಟ್ಟುಕೊಂಡು ಬಂತು. ನನಗೆ ಅನುಮಾನ. ಅವಳ ಅಪ್ಪನನ್ನೇ ಕೇಳಿದೆ: "ಎಂಟು ಪುಸ್ತಕಾನೂ ಓದಿಬಿಟ್ಟಳಾ?"

"ಇಲ್ಲ ಆಂಟಿ, ಅವಳು ಓದಿದ್ದು ಎರಡೇ. ಮಿಕ್ಕಿದ್ದು ನಾನು ಓದ್ದೆ. ಎರಡೇ ಕಾಲಲ್ಲಿ ಅದರ ಪಾಡು ನೋಡೋಕಾಗಲಿಲ್ಲ."

ಮಗಳು ಆಡಲು ಓಡಿದ ಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ನನಗೂ ಒಂದು ಜೇಡ ಕೊಡ್ತೀರಾ?"

೨. ಬರಲಿ, ಬರಲಿ

ದೀದಿಯ ಕಡೆ ಕಥೆಗಾರರು ಸುಮ್ಮನೆ ಕಥೆ ಶುರು ಮಾಡುವುದಿಲ್ಲವಂತೆ. ಮೊದಲು ಕೂಗಿ ಕೇಳಬೇಕು, ಕೂತವರು ಒಪ್ಪಿ ಕೂಗಬೇಕು. ನಾವು ಅದನ್ನು ಕನ್ನಡಕ್ಕೆ ತಂದೆವು. ನಾನು "ಕಥೆ, ಕಥೆ?" ಅಂದರೆ ಮಕ್ಕಳು "ಬರಲಿ, ಬರಲಿ" ಅನ್ನಬೇಕು.

ಜನಕಪುರಿಯ ನೆಂಟರ ಮನೆಯ ಸತ್ಯನಾರಾಯಣ ಪೂಜೆಗೆ ನಮ್ಮ ಕಥೆ ಕೋಣೆಯ ಮಕ್ಕಳೂ ಬಂದಿದ್ದರು. ಹಸಿವಿಗೆ ದೊಡ್ಡವರೆಲ್ಲ ಅಡುಗೆಮನೆ ಕಡೆಗೇ ನೋಡುತ್ತಿದ್ದರು. ಪುರೋಹಿತರು ಒಂದು ಅಧ್ಯಾಯ ಮುಗಿಸಿ, "ಇನ್ನು ಮುಂದಿನ ಕಥೆ" ಅಂದದ್ದೇ ತಡ, ಮಕ್ಕಳೆಲ್ಲ ಒಟ್ಟಿಗೆ "ಬರಲಿ, ಬರಲಿ" ಎಂದು ಕೂಗಿದರು.

ಪುರೋಹಿತರ ಕಣ್ಣು ಒದ್ದೆಯಾಯಿತು. "ಇಷ್ಟು ವರ್ಷದಲ್ಲಿ ಮುಂದಿನ ಅಧ್ಯಾಯ ಬೇಕು ಅಂತ ಕೇಳಿದೋರು ಇವರೇ ಮೊದಲು" ಎಂದು, ಎಂದೂ ಬಿಡಿಸದ ಉಪಕಥೆಗಳನ್ನೂ ಬಿಡಿಸಿ ಹೇಳಿದರು. ಪೂರಿಗಳೆಲ್ಲ ಆರಿ ರಟ್ಟಾದವು.

ಆ ಮನೆಯ ಯಜಮಾನರು ಬಡಿಸುವಾಗ ನನ್ನ ಎಲೆಯ ಮುಂದೆ ನಿಂತು, "ಊಟ ಮೊದಲು, ಕಥೆ ಆಮೇಲೆ ಅನ್ನೋ ದೇಶ ಯಾವುದಾದರೂ ಇದ್ದರೆ ನೋಡಿ ಅಮ್ಮಾ" ಅಂದರು.

೩. ಆ ದಿನ ನಾನೂ ಅಲ್ಲಿದ್ದೆ

ದೀದಿ ಕಲಿಸಿದ ಇನ್ನೊಂದು ಪದ್ಧತಿ ಮಕ್ಕಳಿಗೆ ಪ್ರಾಣ. ಕಥೆ ಉದ್ದವಾಯಿತು ಅನಿಸಿದರೆ ಕೇಳುವವರು ಎದ್ದು, "ನಿಲ್ಲಿಸಿ, ಆ ದಿನ ನಾನೂ ಅಲ್ಲಿದ್ದೆ" ಎಂದು ಹಾಡು ಶುರು ಮಾಡಬಹುದು. ನಿಜವಾಗಿ ಅಲ್ಲಿರಬೇಕಿಲ್ಲ, ಅದೊಂದು ಆಟ. ಹಾಡು ಮುಗಿಯುವವರೆಗೆ ಕಥೆಗಾರ ಸುಮ್ಮನಿರಬೇಕು.

ಒಂದು ಭಾನುವಾರ ಪ್ರಧಾನ್‌ಜೀ ಹೊಸ ಬೀಗ ಹಿಡಿದುಕೊಂಡು ಬಂದೇಬಿಟ್ಟರು. ಮಕ್ಕಳನ್ನು ಕರೆದೊಯ್ಯಲು ಅಪ್ಪ ಅಮ್ಮಂದಿರೂ ಬಂದಿದ್ದರು. ಪ್ರಧಾನ್‌ಜೀ ಹಿಂದಿಯಲ್ಲಿ ಭಾಷಣವನ್ನೇ ಶುರು ಮಾಡಿದರು: "ಮೊನ್ನೆ ಮಂಗಳವಾರ ಇಡೀ ಕಮಿಟಿ ಸಭೆ ಸೇರಿತ್ತು. ದೀರ್ಘ ಚರ್ಚೆ ನಡೆಯಿತು. ಕೊನೆಗೆ ಎಲ್ಲರೂ ಒಮ್ಮತದಿಂದ..."

ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತಳು. "ರುಕಿಯೇ ಅಂಕಲ್. ಆ ದಿನ ನಾನೂ ಅಲ್ಲಿದ್ದೆ."

ಪ್ರಧಾನ್‌ಜೀ ಮುಖ ಬಿಳಿಚಿಕೊಂಡಿತು. "ನೀನೆಲ್ಲಿದ್ದೆ? ಪಾರ್ಕಿನ ಬೆಂಚಿನ ಮೇಲೆ ನಾನು ಮತ್ತು ಸೆಕ್ರೆಟರಿ ಇಬ್ಬರೇ ತಾನೇ ಇದ್ದದ್ದು?"

ಒಬ್ಬ ಅಪ್ಪ ಕೇಳಿದರು: "ಅಚ್ಛಾ, ಹಾಗಾದರೆ ಇಡೀ ಕಮಿಟಿ?"

ಬೀಗ ಮೆಲ್ಲಗೆ ಪ್ರಧಾನ್‌ಜೀ ಜೇಬು ಸೇರಿತು. ಅವರು ಏನೋ ಸಮಜಾಯಿಷಿ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹುಡುಗಿ ಅವರ ತೋಳು ಹಿಡಿದು ಚಾಪೆಯ ಮೇಲೆ ಕೂರಿಸಿದಳು.

"ಅಂಕಲ್, ನನ್ನ ಹಾಡು ಮುಗಿಯೋವರೆಗೂ ಸುಮ್ಮನಿರಿ. ಆಮೇಲೆ ನಿಮ್ಮ ಕಥೆ ಮುಂದುವರಿಸಿ, ಚೆನ್ನಾಗಿ ಕಟ್ತೀರಾ."